ಹಡಗಿನ ಗುಂಪು ಮತ್ತು ಬೇಲಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ರಕ್ಷಣೆ ಅಂದ ಕೂಡಲೇ ನಾವು ಎಣಿಸಲು ಕೂರುತ್ತೇವೆ. ಎಷ್ಟು ವಿಮಾನ, ಎಷ್ಟು ಹಡಗು, ಎಷ್ಟು ಟ್ಯಾಂಕು. ಎಣಿಕೆ ಸಾಲದು. ಯಾವುದು ಬದಲಾದರೆ ಯಾವುದು ಬದಲಾಗುತ್ತದೆ ಎಂದು ಮೊದಲು ಬರೆದುಕೊಳ್ಳಬೇಕು. ಗಣಿತದ ಮಾಡೆಲ್ ಅಂದರೆ ಅಷ್ಟೇ. ಕಂಪ್ಯೂಟರ್ ಆಮೇಲಿನ ಮಾತು.

ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿಗೆ ಬರುವ ಆಹಾರ, ಎಣ್ಣೆಯ ಹಡಗುಗಳನ್ನು ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು. ಅದಕ್ಕೇ ಸರಕು ಹಡಗುಗಳು ಗುಂಪಾಗಿ ಹೊರಡುತ್ತಿದ್ದವು, ಸುತ್ತಲೂ ಕಾವಲು ಹಡಗು. ಸಣ್ಣ ಗುಂಪೇ ಕ್ಷೇಮ ಎಂದು ನೌಕಾಪಡೆ ನಂಬಿತ್ತು. ಒಂದು ಗುಂಪಿನಲ್ಲಿ 60ಕ್ಕಿಂತ ಹೆಚ್ಚು ಹಡಗು ಇರುವಂತಿರಲಿಲ್ಲ.

ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ ಹಳೆಯ ದಾಖಲೆ ತೆರೆದು ನೋಡಿತು. ಸರಾಸರಿ 32 ಹಡಗಿನ ಗುಂಪುಗಳಲ್ಲಿ ನೂರಕ್ಕೆ 2.5 ಮುಳುಗಿದ್ದವು. 54 ಹಡಗಿನ ಗುಂಪುಗಳಲ್ಲಿ ಬರೀ 1.1! ಅಂಕಿ ಸಿಕ್ಕಿತೆಂದು ಅವರು ಸುಮ್ನೆ ಕೂರಲಿಲ್ಲ. ಯಾಕೆ ಹೀಗೆ ಎಂದು ಹಿಡಿದು ಕೇಳಿದರು. ಹೊಲ ಎರಡರಷ್ಟಾದರೆ ಬೇಲಿ ಎರಡರಷ್ಟು ಬೇಕಾಗುವುದಿಲ್ಲ, ಅಲ್ವಾ? 40 ಹಡಗಿನ ಗುಂಪನ್ನು 80 ಮಾಡಿದರೆ ಕಾಯಬೇಕಾದ ಸುತ್ತಳತೆ ಹೆಚ್ಚುವುದು ಏಳರಲ್ಲಿ ಒಂದು ಪಾಲು ಮಾತ್ರ. ಇನ್ನು ಒಳಗೆ ನುಗ್ಗಿದ ಸಬ್‌ಮರೀನ್ ಎಷ್ಟು ಹಡಗು ಹೊಡೆದೀತು? ಗುಂಪು ಸಣ್ಣದಿರಲಿ, ದೊಡ್ಡದಿರಲಿ, ಹೆಚ್ಚುಕಮ್ಮಿ ಅಷ್ಟೇ. ಅಂದಮೇಲೆ ದೊಡ್ಡ ಗುಂಪುಗಳನ್ನೇ ಕಳಿಸಿದರೆ ಗುಂಪುಗಳು ಕಡಿಮೆ, ಒಂದೊಂದಕ್ಕೂ ಕಾವಲು ಜಾಸ್ತಿ.

ನನಗೆ ತುಂಬಾ ಹಿಡಿಸುವ ಸಂಗತಿ ಮುಂದಿದೆ. ಸಲಹೆ ಕೊಡುವ ಮುಂಚೆ ಬ್ಲ್ಯಾಕೆಟ್ ತಮ್ಮನ್ನೇ ಕೇಳಿಕೊಂಡರು: ನನ್ನ ಮಕ್ಕಳನ್ನು ಈ ಸಮುದ್ರ ದಾಟಿಸುವುದಾದರೆ ದೊಡ್ಡ ಗುಂಪಿನಲ್ಲೇ ಕಳಿಸುತ್ತೇನಾ? ಹೌದು ಎಂದು ಮನಸ್ಸಿಗೆ ಬಂದ ಮೇಲೆಯೇ ನೌಕಾಪಡೆಗೆ ಹೇಳಿದರು. 1943ರಲ್ಲಿ ದೊಡ್ಡ ಗುಂಪುಗಳು ಹೊರಟವು. ಈ ಬದಲಾವಣೆಗೆ ಹೊಸ ಕಾವಲು ಹಡಗು ಬೇಕಾಗಲಿಲ್ಲ, ಆದರೂ ರಕ್ಷಣೆ ಬಲವಾಯಿತು, ನೋಡಿ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ವಿಮಾನಕ್ಕೂ ಇದೇ ಲೆಕ್ಕ. ಬಿಡಿಭಾಗ, ಮೆಕ್ಯಾನಿಕ್, ಪೈಲಟ್ ತರಬೇತಿ, ಇವನ್ನು ಬಿಟ್ಟು ವಿಮಾನ ಮಾತ್ರ ಎಣಿಸಿದರೆ ಏನು ಬಂತು? ಯಾವುದು ಬದಲಾದರೆ ಯಾವುದು ಬದಲಾಗುತ್ತದೆ, ಅದನ್ನು ಬರೆಯಿರಿ! ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದಲ್ಲಿ ಇದಕ್ಕೆಂದೇ ದೆಹಲಿಯಲ್ಲಿ ಇಸ್ಸಾ ಎಂಬ ಪ್ರಯೋಗಾಲಯವಿದೆ.

ಪಿಯುಸಿ ಮಕ್ಕಳು ಕೇಳುತ್ತಿದ್ದರೆ ಒಂದು ಮಾತು. ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಪಾಠ, ಅಂದರೆ ಇರುವ ಮಿತಿಯೊಳಗೆ ಅತ್ಯುತ್ತಮ ಫಲ ಹುಡುಕುವ ಲೆಕ್ಕ, ಬರುತ್ತದಲ್ಲ, ಅಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು 1947ರಲ್ಲಿ ಜಾರ್ಜ್ ಡಾಂಟ್‌ಜಿಗ್ ರೂಪಿಸಿದ್ದು ಅಮೆರಿಕದ ವಾಯುಪಡೆಯ ಯೋಜನೆಗಾಗಿ. ಕಡಿಮೆ ಮಾರ್ಕಿನದು ಎಂದು ಆ ಪಾಠ ಬಿಡಬೇಡಿ. ನಮಸ್ಕಾರ.