ಒಮ್ಮೆ ನೋಡಬಹುದು

ಕೇಳುಗರೆಲ್ಲರಿಗೂ ಶರಣು.

ಹೋದ ಶುಕ್ರವಾರ ನಮ್ಮ ಕಲಬುರಗಿಗೆ ಮೂರು ಹೊಸ ಪಿಚ್ಚರ್ ಬಂದವು. ಒಂದು ಕನ್ನಡ, ಒಂದು ಹಿಂದಿ, ಒಂದು ತೆಲುಗು. ಈ ಮೂರೂ ಭಾಷೆ ಕಿವಿಗೆ ಬೀಳುತ್ತಲೇ ಬೆಳೆದವರು ನಾವು. ಮೂರನ್ನೂ ನೋಡಿಬಂದೆ. ಯಾವುದೂ ತೀರಾ ಕೆಟ್ಟದ್ದಲ್ಲ, ತಲೆ ಮೇಲೆ ಹೊತ್ತು ಮೆರೆಸುವಂಥದ್ದೂ ಅಲ್ಲ. ಸೋಮವಾರದ ಹೊತ್ತಿಗೆ ವಿಮರ್ಶೆಗಳು ಬಂದವು. ಕನ್ನಡ ಚಿತ್ರಕ್ಕೆ ಒಬ್ಬರು ಮೂರೂವರೆ ಸ್ಟಾರ್ ಕೊಟ್ಟಿದ್ದರು, ಇನ್ನೊಬ್ಬರು ಎರಡು. ಮತ್ತೊಬ್ಬರು ಸ್ಟಾರ್ ಕೊಡುವ ಗೋಜಿಗೇ ಹೋಗದೆ ಕೊನೆಗೆ ಒಂದು ಸಾಲು ಬರೆದು ಮುಗಿಸಿದ್ದರು: ಒಮ್ಮೆ ನೋಡಬಹುದು.

ಈ ಮಾತು ನೀವೂ ಎಷ್ಟೋ ಸಲ ಓದಿದ್ದೀರಿ, ಅಲ್ವಾ? ಇದನ್ನು ಕಂಡರೆ ನನಗೆ ಬೇಸರ. ಆಳಂದದಿಂದಲೋ ಜೇವರ್ಗಿಯಿಂದಲೋ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಬಸ್ ಚಾರ್ಜು ಕೊಟ್ಟು ಬರುವವನು ನೋಡುವುದೇ ಒಮ್ಮೆ. ಆ ಒಮ್ಮೆ ಯಾಕೆ ನೋಡಬೇಕು? ಹೇಳಬೇಕಾದದ್ದು ಅದು.

ಆ ಕನ್ನಡ ಚಿತ್ರದಲ್ಲಿ ಒಬ್ಬ ಕಂಡಕ್ಟರ್ ಇದ್ದಾನೆ. ವಸ್ತಿ ಬಸ್ಸು ಒಂದು ಹಳ್ಳಿಯಲ್ಲಿ ನಿಂತಿದೆ. ರಾತ್ರಿ. ಹಿಂದಿನ ಸೀಟಿನಲ್ಲಿ ಕೂತು ಬುತ್ತಿ ಗಂಟು ಬಿಚ್ಚುತ್ತಾನೆ. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿಯ ಮಡಿಕೆಯೊಳಗೆ ಮಗಳು ಒಂದು ಬೆಲ್ಲದ ಚೂರು ಇಟ್ಟಿದ್ದಾಳೆ. ಅದನ್ನು ನೋಡುತ್ತಾನೆ, ತಿನ್ನುವುದಿಲ್ಲ. ಕಾಗದದಲ್ಲಿ ಸುತ್ತಿ ಅಂಗಿ ಜೇಬಿಗೆ ಇಟ್ಟುಕೊಳ್ಳುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಎಲ್ಲೋ ನಾಯಿ ಬೊಗಳುತ್ತದೆ, ಅಷ್ಟೇ. ಟಾಕೀಜಿನಲ್ಲಿ ನನ್ನ ಪಕ್ಕ ಶೇಂಗಾ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತುಬಿಟ್ಟಿತು. ನಮ್ಮಪ್ಪ ವಸ್ತಿ ಬಸ್ಸಿನ ಡ್ಯೂಟಿ ಮಾಡಿದವರು. ಹಾಗಾಗಿ ನನಗೆ ಇದು ಜಾಸ್ತಿ ತಟ್ಟಿರಬಹುದು, ಅದನ್ನೂ ಹೇಳಿಬಿಡುತ್ತೇನೆ.

ಮೂರೂವರೆ ಕೊಟ್ಟವರು ಈ ದೃಶ್ಯಕ್ಕಾಗಿ ಉಳಿದ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಾರೆ. ಎರಡು ಕೊಟ್ಟವರು ಇದೇ ದೃಶ್ಯ ಹಿಡಿದು, ಕತೆ ಇಲ್ಲಿ ನಿಂತುಹೋಯಿತು ಎಂದಿದ್ದಾರೆ. ಇಬ್ಬರ ಮಾತೂ ನಿಜ. ಕತೆ ನಿಲ್ಲುತ್ತದೆ. ನಿಂತದ್ದೇ ಒಳ್ಳೆಯದಾಯಿತು ಅನ್ನುವವನು ನಾನು. ಆದರೆ ಇಂಟರ್‌ವಲ್ ಆದ ಮೇಲೆ ಅದೇ ಕಂಡಕ್ಟರ್ ಹತ್ತು ಜನರನ್ನು ಹೊಡೆದುರುಳಿಸುತ್ತಾನೆ. ಅಲ್ಲಿ ಚಿತ್ರ ಕೈ ತಪ್ಪಿತು. ಅದರಲ್ಲಿ ಇಬ್ಬರೂ ವಿಮರ್ಶಕರು ಒಂದೇ ಮಾತು.

ಈಗ ಕಾಲೇಜು ಹುಡುಗರು ಮೊಬೈಲ್ ತೆಗೆದು ಮೊದಲು ಪರ್ಸೆಂಟ್ ನೋಡುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದ, ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ಎಂಬ ವೆಬ್‌ಸೈಟ್ ಈ ಲೆಕ್ಕವನ್ನು ಜನಪ್ರಿಯ ಮಾಡಿತು. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೆಂಪು ಟೊಮ್ಯಾಟೋ, ಕಡಿಮೆಯಾದರೆ ಹಸಿರು ಕಲೆ. ತುಂಬಾ ಜನ ಇದನ್ನು ಪರೀಕ್ಷೆಯ ಮಾರ್ಕ್ಸ್ ಅಂದುಕೊಳ್ಳುತ್ತಾರೆ. ನೂರು ವಿಮರ್ಶಕರಲ್ಲಿ ಎಷ್ಟು ಜನ ಮೆಚ್ಚಿದರು ಅಂತ ಮಾತ್ರ ಅದು ಹೇಳುತ್ತದೆ, ಎಷ್ಟು ಮೆಚ್ಚಿದರು ಅಂತ ಹೇಳುವುದಿಲ್ಲ. ನೂರು ಜನವೂ ‘ಅಡ್ಡಿಯಿಲ್ಲ’ ಅಂದರೆ 100. ಅರವತ್ತು ಜನ ಎದೆಗೆ ಅಪ್ಪಿಕೊಂಡು ನಲವತ್ತು ಜನ ಬೈದರೆ 60. ನಾನಾದರೆ ಆ ಅರವತ್ತರ ಚಿತ್ರಕ್ಕೇ ಮೊದಲು ಟಿಕೆಟ್ ತೆಗೆಸುತ್ತೇನೆ. ಸರಾಸರಿ ತೆಗೆಯುವ ಲೆಕ್ಕವೂ ಇದೆ. ನಮ್ಮ ಕನ್ನಡ ಚಿತ್ರದ ಮೂರೂವರೆ ಮತ್ತು ಎರಡನ್ನು ಕೂಡಿಸಿ ಭಾಗಿಸಿದರೆ ಎರಡೂಮುಕ್ಕಾಲು. ಆ ಎರಡೂಮುಕ್ಕಾಲಿನಲ್ಲಿ ಬೆಲ್ಲದ ಚೂರು ಎಲ್ಲಿ ಹೋಯಿತು?

ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ದೊಡ್ಡ ಗೌರವ. ಆದರೂ ಗಂಜ್‌ನಲ್ಲಿ ಚೀಲ ಬಿಚ್ಚಿದಾಗ ವ್ಯಾಪಾರಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಊದಿ, ಎರಡು ಕಾಳು ಹಲ್ಲಲ್ಲಿ ಕಡಿದು ನೋಡುತ್ತಾನೆ. ‘ಇನ್ನಾ ಹಸಿ ಅದರಿ’ ಅನ್ನುತ್ತಾನೆ. ಕಾರಣ ಕೇಳಿದ ರೈತ ತಾನೂ ಕಡಿದು ನೋಡಿ ವಾದ ಮಾಡಬಹುದು. ಸುಮ್ನೆ ‘ಮಾಲು ಸಾಧಾರಣ’ ಅಂದರೆ ಅವನೇನು ಮಾಡಬೇಕು? ವಿಮರ್ಶೆ ಬರೆಯುವವರಲ್ಲಿ ನಾನು ಕೇಳುವುದು ಇಷ್ಟೇ: ಕಡಿದು ನೋಡಿ, ಏನು ಸಿಕ್ಕಿತು ಹೇಳಿ. ಎಲ್ಲರಿಗೂ ಇಷ್ಟವಾದ ಚಿತ್ರಕ್ಕೆ ನಿಮ್ಮ ಸಹಾಯ ಅಷ್ಟು ಬೇಕಿಲ್ಲ. ನಡುಮಟ್ಟದ ಚಿತ್ರಕ್ಕೇ ಬೇಕು. ಒಳ್ಳೆಯದೂ ಕೆಟ್ಟದ್ದೂ ಅದರಲ್ಲಿ ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ ಬೆರೆತಿರುತ್ತವೆ. ಆರಿಸಿ ಕೊಡುವವರು ಯಾರಾದರೂ ಬೇಕಲ್ಲ.

ಉಳಿದ ಎರಡರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದಿಯಲ್ಲಿ ಹಾಡು ಚೆನ್ನಾಗಿವೆ, ಕತೆ ತೆಳು. ತೆಲುಗಿನದು ನಗಿಸುತ್ತದೆ, ಅರ್ಧ ಗಂಟೆ ಕತ್ತರಿಸಿದ್ದರೆ ಇನ್ನೂ ನಗುತ್ತಿದ್ದೆವು.

ಕನ್ನಡದ್ದು ಗುರುವಾರದವರೆಗೆ ಇರುತ್ತದಂತೆ. ನಾಳೆ ಮ್ಯಾಟ್ನಿಗೆ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪನಿಗೆ ಅಷ್ಟು ವರ್ಷ ಬುತ್ತಿ ಕಟ್ಟಿದವಳು ಅವಳು. ಆ ದೃಶ್ಯ ನೋಡಿ ಏನು ಹೇಳುತ್ತಾಳೋ, ಕೇಳಬೇಕು.

ನಮಸ್ಕಾರ.