ನೀರನ್ನು ಹುಳಿ ಮಾಡುವ ಹಾವಸೆ

ಕೇಳುಗರಿಗೆ ನಮಸ್ಕಾರ.

ನಮ್ಮ ಹಿತ್ತಲ ಗೋಡೆಯಿಂದ ಶುರು ಮಾಡುತ್ತೇನೆ. ಧಾರವಾಡದ ಹಳೇ ಮನೆಗಳ ಕಂಪೌಂಡ್ ಗೋಡೆ ನಿಮಗೆ ಗೊತ್ತೇ ಇದೆ. ಆಷಾಢದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಸಾಕು, ಹಸಿರು ಮಖಮಲ್ಲು ಹೊದ್ದುಕೊಂಡುಬಿಡುತ್ತದೆ. ಹಾವಸೆ ಅನ್ನುತ್ತೇವೆ, ಪಾಚಿ ಅಂತಲೂ ಅನ್ನುತ್ತೇವೆ. ಈಗ ಏಪ್ರಿಲ್. ಅದೇ ಹಾವಸೆ ಹಳೇ ಕಂಬಳಿಯ ಚೂರಿನ ಹಾಗೆ ಕಪ್ಪಾಗಿ ಒಣಗಿ ಕೂತಿದೆ. ಮೊನ್ನೆ ಬೆಳಿಗ್ಗೆ ಅದರ ಮೇಲೆ ಒಂದು ಚಮಚ ನೀರು ಹಾಕಿ, ಭೂತಗನ್ನಡಿ ಹಿಡಿದು ನೋಡುತ್ತ ನಿಂತೆ. ಮುದುರಿಕೊಂಡಿದ್ದ ಎಲೆಗಳು ಒಂದೊಂದಾಗಿ ಬಿಚ್ಚಿದವು. ಕೈಯಲ್ಲಿದ್ದ ಚಹಾ ಆರುವುದರೊಳಗೆ ಹಸಿರು! ಇದಕ್ಕೆ ನಿಜವಾದ ಬೇರಿಲ್ಲ. ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಮಳೆ ಬಂದರೆ ಕುಡಿಯುತ್ತದೆ, ಬರದಿದ್ದರೆ ಒಣಗಿ ಮಲಗುತ್ತದೆ.

ಇದರ ಬಳಗದಲ್ಲೇ ಇನ್ನೊಂದಿದೆ, ಸ್ಫ್ಯಾಗ್ನಮ್ ಅಂತ. ಅದಕ್ಕೆ ಇಷ್ಟು ತಾಳ್ಮೆ ಇಲ್ಲ. ತಾನಿರುವ ಜಾಗವನ್ನೇ ತನಗೆ ಬೇಕಾದ ಹಾಗೆ ಬದಲಾಯಿಸಿಬಿಡುತ್ತದೆ. ಪೀಟ್ ಜೌಗುಗಳನ್ನು ಕಟ್ಟುವುದು ಇದೇ.

ಪೀಟ್ ಅನ್ನುವ ಮಾತು ನಿಮಗೆ ನರ್ಸರಿಯಲ್ಲಿ ಸಿಕ್ಕಿರುತ್ತದೆ, ಕೋಕೋಪೀಟ್ ಇಟ್ಟಿಗೆಯ ಮೇಲೆ. ಅದು ತೆಂಗಿನ ಸಿಪ್ಪೆಯ ಪುಡಿ, ಹೆಸರು ಮಾತ್ರ ಎರವಲು. ನಿಜವಾದ ಪೀಟ್ ಅಂದರೆ ನೀರಿನಲ್ಲಿ ಮುಳುಗಿ, ಅರೆಬರೆ ಕೊಳೆತು, ಪದರ ಪದರವಾಗಿ ಕೂತ ಗಿಡಗಳು. ಐರ್ಲೆಂಡಿನ ರೈತರು ಅದನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ನಮ್ಮ ಕುಳ್ಳಿನ ಹಾಗೇ ಅಲ್ವಾ?

ಹೋದ ವರ್ಷ ಪರಿಚಯದವರೊಬ್ಬರು ಶಿಲ್ಲಾಂಗಿನಿಂದ ಆರ್ಕಿಡ್ ಗಿಡ ತಂದುಕೊಟ್ಟರು. ಗಿಡದ ಬುಡಕ್ಕೆ ಒಂದು ಹಿಡಿ ಜೀವಂತ ಸ್ಫ್ಯಾಗ್ನಮ್ ಸುತ್ತಿದ್ದರು. ನನಗೆ ಆರ್ಕಿಡ್ ಬೇಡವಾಯಿತು, ಹಾವಸೆ ಬೇಕಾಯಿತು. ಮುಷ್ಟಿಯಲ್ಲಿ ಹಿಂಡಿದರೆ ಒದ್ದೆ ಸ್ಪಂಜಿನಂತೆ ನೀರು ಸುರಿಯಿತು. ಒಣಗಿದಾಗಿನ ತನ್ನ ತೂಕದ ಸುಮಾರು 20 ಪಟ್ಟು ನೀರನ್ನು ಇದು ಹಿಡಿದಿಡಬಲ್ಲದು. ಎಲೆಯೊಂದನ್ನು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗುಟ್ಟು ಗೊತ್ತಾಗುತ್ತದೆ. ಹಸಿರು ಕೋಶಗಳು ಬಲೆಯ ದಾರದಷ್ಟು ಸಣ್ಣ. ಆ ಬಲೆಯ ಕಣ್ಣುಗಳಲ್ಲಿ ದೊಡ್ಡ ದೊಡ್ಡ ಖಾಲಿ ಕೋಶಗಳು. ಅವು ಸತ್ತಿರುತ್ತವೆ. ಗೋಡೆಗೆ ತೂತು, ಕುಸಿಯಬಾರದೆಂದು ಒಳಗೆ ಸುರುಳಿ ಸುರುಳಿಯಾಗಿ ಬಳೆಯಂಥ ಕಟ್ಟು. ನೀರು ತುಂಬಿಡುವ ಕೊಡಗಳು ಇವೇ. ಸತ್ತವರ ಕೈಯಲ್ಲಿ ನೀರು ಹೊರಿಸಿ ಬದುಕುವ ಗಿಡ ಇದು!

ನಾನು ಅದನ್ನು ತಟ್ಟೆಯಲ್ಲಿ ಹಾಕಿ, ಕಿಟಕಿಯಲ್ಲಿಟ್ಟು, ದಿನಾ ಬೋರ್‌ವೆಲ್ ನೀರು ಹಾಕಿದೆ. ಕೆಲವೇ ವಾರಗಳಲ್ಲಿ ಕಂದಾಯಿತು. ತಪ್ಪು ನನ್ನದೇ. ನಮ್ಮ ಬೋರಿನ ನೀರಿನಲ್ಲಿ ಸುಣ್ಣ ಜಾಸ್ತಿ, ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕೂರುತ್ತದೆ. ಸ್ಫ್ಯಾಗ್ನಮ್‌ನ ಹೆಚ್ಚಿನ ಜಾತಿಗಳಿಗೆ ಅದು ಆಗಿಬರುವುದಿಲ್ಲ. ಇದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆದುಕೊಂಡು, ಬದಲಿಗೆ ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ. ಸುತ್ತಲಿನ ನೀರು ಹುಳಿಯಾಗುತ್ತದೆ, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಬೇರೆ ಗಿಡಗಳಿಗೆ ಅಲ್ಲಿ ನೆಲೆಯೂರುವುದು ಕಷ್ಟ. ಆದರೆ ಮಳೆಯ ನೀರಿನಲ್ಲಷ್ಟೇ ಬದುಕುವ ಜೌಗಿನಲ್ಲಿ ಈ ಆಟ ನಡೆಯುತ್ತದೆ. ಸುಣ್ಣದ ನೀರು ಎಡೆಬಿಡದೆ ಬರುತ್ತಿದ್ದರೆ ಹಾವಸೆ ಸೋಲುತ್ತದೆ, ನನ್ನ ತಟ್ಟೆಯಲ್ಲಿ ಸೋತ ಹಾಗೆ. ನಮ್ಮ ಎರೆ ಭೂಮಿಯೂ ಸುಣ್ಣದ ನೆಲವೇ. ಸಾಲದ್ದಕ್ಕೆ ಗದಗಿನ ಬಿಸಿಲು ಬೇರೆ.

ಪೀಟ್ ಯಾಕೆ ಕೊಳೆಯುವುದಿಲ್ಲ? ಹಗೇವು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದೊಳಗೆ ಜೋಳ ತುಂಬಿ, ಬಾಯಿ ಮುಚ್ಚಿ ಮೆತ್ತಿದರೆ ಒಳಗಿನ ಗಾಳಿ ಬೇಗ ಮುಗಿಯುತ್ತದೆ. ಹುಳು ಉಸಿರಾಡಲಾರದು. ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬೇಡ, ಮೊದಲು ದೀಪ ಇಳಿಬಿಡು ಅಂತ ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ. ಜೌಗಿನ ತಳದಲ್ಲೂ ಗಾಳಿಯಿಲ್ಲ. ಮೇಲಿಂದ ಹುಳಿ, ತಂಪು. ಕೊಳೆಸುವ ಜೀವಿಗಳ ಕೈ ಕಟ್ಟಿಹಾಕಿದಂತೆ. ಹಾವಸೆ ಮೇಲೆ ಚಿಗುರುತ್ತ ಹೋಗುತ್ತದೆ, ಕೆಳಗಿನ ಭಾಗ ಸತ್ತು ಅಲ್ಲೇ ಕೂರುತ್ತದೆ. ಅಂದಾಜು ವರ್ಷಕ್ಕೆ 1 ಮಿಲಿಮೀಟರ್. ಹಾಗಾದರೆ 5 ಮೀಟರ್ ಆಳದ ಪೀಟಿಗೆ ಎಷ್ಟು ವಯಸ್ಸು, ನೀವೇ ಲೆಕ್ಕ ಹಾಕಿ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದೇ ವರ್ಷ ಡೆನ್ಮಾರ್ಕಿನಲ್ಲಿ ಪೀಟ್ ಕಡಿಯುತ್ತಿದ್ದವರಿಗೆ ಒಬ್ಬ ಮನುಷ್ಯನ ಮುಖ ಕಂಡಿತು. ಕಣ್ಣು ಮುಚ್ಚಿ ಮಲಗಿದ ಹಾಗಿತ್ತು, ಗಲ್ಲದ ಮೇಲೆ ಕುರುಚಲು ಗಡ್ಡ. ಈಚಿನ ಕೊಲೆಯೇ ಇರಬೇಕೆಂದು ಪೊಲೀಸರಿಗೆ ಹೇಳಿ ಕಳಿಸಿದರು. ಕೊಲೆಯೇನೋ ಇರಬಹುದು, ಕುತ್ತಿಗೆಯಲ್ಲಿ ಚರ್ಮದ ಹಗ್ಗವಿತ್ತು. ಆದರೆ ಆತ ಸತ್ತು ಸುಮಾರು 2,400 ವರ್ಷವಾಗಿತ್ತು! ಜೌಗು ಅವನ ಚರ್ಮವನ್ನು ಹದ ಮಾಡಿ ಇಟ್ಟಿತ್ತು. ಹೊಟ್ಟೆಯಲ್ಲಿ ಕೊನೆಯ ಊಟವೂ ಸಿಕ್ಕಿತು, ಜವೆಗೋಧಿಯ ಗಂಜಿ. ಅದರಲ್ಲಿ ಅಗಸಿ ಕಾಳೂ ಇತ್ತು. ಅಗಸಿ ಹಿಂಡಿ ತಿಂದು ಬೆಳೆದ ನನಗೆ ಅವನು ಯಾಕೋ ದೂರದವನು ಅನ್ನಿಸಲಿಲ್ಲ. ಟೊಲುಂಡ್ ಮನುಷ್ಯ ಅಂತ ಅವನನ್ನು ಕರೆಯುತ್ತಾರೆ.

ಪೀಟ್ ನಮ್ಮ ದಕ್ಷಿಣದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ನೀಲಗಿರಿಯ ಎತ್ತರದ ಜೌಗುಗಳಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅಲ್ಲಿಯ ಪೀಟಿನ ಇಂಗಾಲವನ್ನು ಅಳೆದು, ಸಾವಿರಾರು ವರ್ಷಗಳಲ್ಲಿ ಮಳೆ ಯಾವಾಗ ಹೆಚ್ಚಿತು, ಯಾವಾಗ ಸೊರಗಿತು ಅಂತ 1993ರಲ್ಲಿ ಪ್ರಕಟಿಸಿದರು.

ನಮ್ಮ ಮಾಗಡಿ ಕೆರೆಗೆ ಬನ್ನಿ. ಗದಗ ಜಿಲ್ಲೆಯ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು-ಕೆರೆಗಳ ಪಟ್ಟಿಗೆ ಸೇರಿತು. ಪೀಟ್ ಜೌಗುಗಳೂ ಅದೇ ಪಟ್ಟಿಯಲ್ಲಿ ಬರುತ್ತವೆ. ಆದರೆ ಮಾಗಡಿಯ ರಾಡಿಯಲ್ಲಿ ಪೀಟ್ ಹುಡುಕಬೇಡಿ. ನಮ್ಮ ಕೆರೆಗಳಲ್ಲಿ ಬೇಸಿಗೆಗೆ ನೀರು ಇಳಿದು, ಅಂಚಿನ ಕೆಸರು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಗಾಳಿ ಹೋದರೆ ಎಲೆ, ಕಡ್ಡಿ ಎಲ್ಲ ಕೊಳೆತು ಹೋಯಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಜೌಗುಗಳಲ್ಲಿ. ಟಿಬೆಟ್ ಪ್ರಸ್ಥಭೂಮಿಯಲ್ಲೂ ಪೀಟ್ ನೆಲಗಳಿವೆ. ಅಲ್ಲಿಯದು ಹೆಚ್ಚಾಗಿ ಜೇಕಿನ ಬಳಗದ ಹುಲ್ಲು ಕಟ್ಟಿದ ಪೀಟ್. ಹೊಲದಲ್ಲಿ ಜೇಕು ಕಿತ್ತು ಕಿತ್ತು ಸಾಕಾದವರಿಗೆ ಇದು ಖುಷಿಯ ಸುದ್ದಿಯೇನಲ್ಲ, ಗೊತ್ತು.

ಭೂಮಿಯ ಮೇಲಿನ ನೆಲದಲ್ಲಿ ಪೀಟ್ ಇರುವುದು ಸೇಕಡಾ 3ರಷ್ಟು. ಆದರೆ ಜಗತ್ತಿನ ಎಲ್ಲ ಕಾಡುಗಳ ಗಿಡಮರಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಕಾಲುವೆ ತೋಡಿ ನೀರು ಹರಿಸಿಬಿಟ್ಟರೆ ಹಗೇವಿನ ಬಾಯಿ ತೆಗೆದಂತೆ. ಗಾಳಿ ನುಗ್ಗುತ್ತದೆ, ಪೀಟ್ ಕೊಳೆಯುತ್ತದೆ, ಇಂಗಾಲ ಆಕಾಶಕ್ಕೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 1850ರ ಸುಮಾರಿಗೆ ಜೌಗು ಬಸಿದು ಹೊಲ ಮಾಡಿದರು. ನೆಲ ಎಷ್ಟು ಕುಸಿಯುತ್ತದೆ ನೋಡೋಣ ಅಂತ ಒಂದು ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹುಗಿದರು. ಈಗ ಆ ತುದಿ ನೋಡಲು ಕತ್ತು ಎತ್ತಬೇಕು. ಸುಮಾರು 4 ಮೀಟರ್ ಮೇಲಿದೆ. ಕಂಬ ಅಲ್ಲೇ ಇದೆ, ನೆಲ ಇಳಿದಿದೆ.

ನನ್ನ ತಟ್ಟೆಯ ಕಥೆ ಮುಗಿದಿಲ್ಲ. ಕಂದಾದ ಹಾವಸೆಯನ್ನು ಬಿಸಾಡಲು ಮನಸ್ಸಾಗದೆ ಹೆಂಚಿನ ಸೂರಿನಡಿ ಇಟ್ಟಿದ್ದೆ. ಜುಲೈಯಲ್ಲಿ ಸೂರಿನ ನೀರು ಬಿದ್ದು ಬಿದ್ದು ಎರಡು ಹಸಿರು ಚಿಗುರು ಬಂದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಒಂದು ಡ್ರಮ್ಮು ಮಳೆನೀರು ಹಿಡಿದು ಫೆಬ್ರುವರಿಯವರೆಗೂ ನಡೆಸಿದೆ. ಮಾರ್ಚ್ ಬಿಸಿಲಿಗೆ ಅವೂ ಹೋದವು. ಗೋಡೆಯ ಹಾವಸೆ ಮಾತ್ರ ಅಲ್ಲೇ ಇದೆ, ಕರಿ ಕಂಬಳಿ ಹೊದ್ದು, ಮಳೆ ಕಾಯುತ್ತ.

ನಮಸ್ಕಾರ.