ತಿರುಗಾಟದ ನಟನ ಹನ್ನೆರಡು ತಿಂಗಳು

ಕೇಳುಗರಿಗೆ ನಮಸ್ಕಾರ.

ನಾಟಕವನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆಂದು ಮನೆಯಿಂದ ಹೊರಟ ಹುಡುಗನಾಗಲಿ ಹುಡುಗಿಯಾಗಲಿ ಮೊದಲು ಎದುರಿಸುವ ಪ್ರಶ್ನೆಗಳು ಕಲೆಗೆ ಸಂಬಂಧಿಸಿದವಲ್ಲ. "ತಿಂಗಳಿಗೆ ಎಷ್ಟು ಬರುತ್ತದೆ?" ಎಂದು ಅಪ್ಪ ಕೇಳುತ್ತಾರೆ. "ಊಟಕ್ಕೇನು ಮಾಡುತ್ತೀ?" ಎಂದು ಅಮ್ಮ ಕೇಳುತ್ತಾರೆ. ಇವು ಕಲೆಯ ಬೆಲೆ ಗೊತ್ತಿಲ್ಲದವರ ಮಾತುಗಳೆಂದು ಮುಖ ತಿರುಗಿಸುವ ಎಳೆಯರನ್ನು ನಾನು ಬಹಳ ಮಂದಿ ನೋಡಿದ್ದೇನೆ. ನನಗೇನೋ ಈ ಎರಡೂ ಪ್ರಶ್ನೆಗಳು ಕಸುಬಿನ ಬುಡಕ್ಕೇ ಕೈಹಾಕುತ್ತವೆ ಎನ್ನಿಸುತ್ತದೆ. ಪಾತ್ರ ಮಾಡುವುದನ್ನು ಕಲಿಸುವ ಶಾಲೆಗಳು ನಮ್ಮಲ್ಲಿವೆ. ಪಾತ್ರವಿಲ್ಲದ ಹೊತ್ತನ್ನು, ಪಾತ್ರವೇ ಸಿಗದ ತಿಂಗಳುಗಳನ್ನು ದಾಟುವ ಬಗೆಯನ್ನು ಮಾತ್ರ ಊರು ಬಿಟ್ಟ ನಟ ತಾನೇ ಕಂಡುಕೊಳ್ಳಬೇಕು, ಇಲ್ಲವೇ ಅವನು ಸೇರಿದ ತಂಡ ಅದನ್ನು ಕಲಿಸಿಕೊಡಬೇಕು. ಹಾಗೆ ಕಲಿಸಿಕೊಡುವ ತಂಡಗಳ ಬಗ್ಗೆ, ಅವುಗಳ ಆಸರೆಯಿಲ್ಲದೆ ಒಂಟಿಯಾಗಿ ದುಡಿಯುವ ಇಂದಿನ ಎಳೆಯ ಕಲಾವಿದರ ಬಗ್ಗೆ ಈ ಭಾಷಣದಲ್ಲಿ ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿ ಊರು ಬಿಡುವುದೆಂದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಂತೆಯೇ ಇತ್ತು. ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಕಂಪನಿಗೆ ವೀರಣ್ಣನವರು ಸೇರಿದ್ದು ಬಾಲನಟರಾಗಿ. ಮುಂದೆ ಅವರೇ ಅದರ ಮಾಲೀಕರಾದರು. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರೂ ಎಳವೆಯಲ್ಲಿ ಹೆಣ್ಣುಪಾತ್ರಗಳನ್ನು ಮಾಡುತ್ತ ಬೆಳೆದು ತಮ್ಮದೇ ಸಂಘ ಕಟ್ಟಿದವರು. ಇಂಥವರ ಕಾಲದಲ್ಲಿ ಹೊಸ ಹುಡುಗನಿಗೆ ಕಂಪನಿಯ ಅಡುಗೆಮನೆಯಲ್ಲಿ ಊಟವಿತ್ತು, ಬೆಳಗಿನ ಹೊತ್ತು ಪೇಟಿ ಮಾಸ್ತರರ ಮುಂದೆ ಕೂತು ಹಾಡು ತಿದ್ದಿಕೊಳ್ಳುವ ಪಾಠವಿತ್ತು, ರಾತ್ರಿ ಪರದೆಯ ಮರೆಯಲ್ಲಿ ನಿಂತು ಹಿರಿಯರ ಪಾತ್ರವನ್ನು ಕದ್ದು ಕಲಿಯುವ ಅವಕಾಶವಿತ್ತು. ಆದರೆ ಅದನ್ನೆಲ್ಲ ಹೊನ್ನಿನ ಕಾಲವೆಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಮಳೆ ಹಿಡಿದು ಕಲೆಕ್ಷನ್ ಕುಸಿದರೆ ಪಗಾರವೂ ನಿಂತುಹೋಗುತ್ತಿತ್ತು. ಕ್ಯಾಂಪು ಕಿತ್ತು ಮುಂದಿನ ಊರಿಗೆ ಹೋಗಲು ಲಾರಿ ಬಾಡಿಗೆಗೇ ದುಡ್ಡಿಲ್ಲದೆ ಇಡೀ ಕಂಪನಿ ಒಂದೇ ಊರಿನಲ್ಲಿ ಸಿಕ್ಕಿಬೀಳುವುದೂ ಇತ್ತು. ಆದರೂ ಆ ಸಂಕಟ ಮಾಲೀಕನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಹಂಚಿಹೋಗುತ್ತಿತ್ತು. ಇಂದಿಗೂ ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ತಗಡಿನ ಥಿಯೇಟರುಗಳನ್ನು ಸಾಲಾಗಿ ಹಾಕಿ ಆಡುವ ಕಂಪನಿಗಳಲ್ಲಿ ಈ ಕೂಡುಬಾಳು ಅಷ್ಟಿಷ್ಟು ಉಳಿದಿದೆ. ಆ ಜಾತ್ರೆಯ ಗಳಿಕೆಯೇ ಅವರಲ್ಲಿ ಅನೇಕರ ಇಡೀ ವರ್ಷದ ಸಾಲವನ್ನು ತೀರಿಸಬೇಕಾಗುತ್ತದೆ.

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಹೊಸಬನ ಸ್ಥಾನ ಇನ್ನೂ ಖಚಿತವಾಗಿ ಗೊತ್ತುಪಡಿಸಿದ್ದು. ವೇಷ ಕಟ್ಟುವ ಚೌಕಿಯಲ್ಲಿ ದೇವರ ಪೆಟ್ಟಿಗೆಯ ಎದುರಿನ ಸಾಲುಗಳಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕ್ರಮವಿದೆ, ಮತ್ತು ಆ ಕ್ರಮ ಅವನವನ ವೇಷದ ಅಂತಸ್ತನ್ನು ಅನುಸರಿಸುತ್ತದೆ. ಎಳೆಯ ಕಲಾವಿದ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ, ನಿಧಾನವಾಗಿ ಅಭಿಮನ್ಯುವಿನಂಥ ಎಳೆಯ ವೀರರ ಪುಂಡುವೇಷಕ್ಕೋ ಸ್ತ್ರೀವೇಷಕ್ಕೋ ಏರುತ್ತಾನೆ. ಪೂರ್ವರಂಗಕ್ಕೆ ಪ್ರೇಕ್ಷಕರು ಹೆಚ್ಚಿರುವುದಿಲ್ಲ. ಕಲಿಯುವವನಿಗೆ ಇದರಿಂದ ಆಗುವ ಉಪಕಾರ ದೊಡ್ಡದು, ಏಕೆಂದರೆ ತಾಳ ತಪ್ಪಿದರೆ ಭಾಗವತರ ಕಣ್ಣಿಗೆ ಬೀಳುತ್ತದೆಯೇ ಹೊರತು ಊರಿನ ಬಾಯಿಗೆ ಬೀಳುವುದಿಲ್ಲ. ಆಟದ ಅವಧಿ ಮುಗಿಯುವುದು ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ, ತುಳುನಾಡಿನವರು ಪತ್ತನಾಜೆ ಎನ್ನುವ ದಿನಕ್ಕೆ. ಆಮೇಲೆ ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲದಲ್ಲಿ ಏನು ಮಾಡುತ್ತಾರೆಂಬುದು ಪ್ರೇಕ್ಷಕರಿಗೆ ಅಷ್ಟಾಗಿ ತಿಳಿಯದ ಸಂಗತಿ. ಕೆಲವರು ಮನೆಯ ಗದ್ದೆಗೆ ಇಳಿಯುತ್ತಾರೆ, ಕೆಲವರು ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ಹೋಗುತ್ತಾರೆ, ಕೆಲವರು ಮುಂಬಯಿಯ ಕಡೆಗೆ ಪ್ರದರ್ಶನಕ್ಕೆ ಹೊರಡುತ್ತಾರೆ; ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮಳೆಯಲ್ಲಿ ಮನೆಯಿಂದ ಮನೆಗೆ ಹೋಗಿ, ಚಾವಡಿಯಲ್ಲಿ ದೀಪ ಹಚ್ಚಿಸಿ, ಒಂದು ಸಣ್ಣ ಪ್ರಸಂಗಭಾಗವನ್ನು ಆಡಿ ಮುಂದೆ ಸಾಗುತ್ತಾರೆ. ಪಾತ್ರವಿಲ್ಲದ ತಿಂಗಳಿಗೂ ಒಂದು ದಾರಿ ಇರಬೇಕೆಂಬುದನ್ನು ಮೇಳದ ಪದ್ಧತಿ ಬಹಳ ಹಿಂದೆಯೇ ಅರಿತುಕೊಂಡಿತ್ತು.

ಆಧುನಿಕ ರಂಗಭೂಮಿಯಲ್ಲಿ ಇಂಥ ಏರ್ಪಾಡಿಗೆ ಹತ್ತಿರವಾದದ್ದು ರೆಪರ್ಟರಿಗಳು, ಎಂದರೆ ನಟರನ್ನು ಸಂಬಳಕ್ಕಿಟ್ಟುಕೊಂಡು ಕೆಲವು ನಾಟಕಗಳನ್ನು ಸತತವಾಗಿ ಆಡುವ ತಂಡಗಳು. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವೆಂಬ ಸಂಚಾರಿ ತಂಡವನ್ನೂ ಆರಂಭಿಸಿತು. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶಕತ್ವದಲ್ಲಿ ಮೈಸೂರಿನ ರಂಗಾಯಣ ಬಂತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶಿವಸಂಚಾರವೆಂಬ ತಂಡ ಹೊರಟಿತು. ಇವುಗಳಲ್ಲಿ ಊರೂರು ಸುತ್ತುವ ತಂಡಗಳನ್ನು ಸೇರಿದವರು ಮಳೆಗಾಲವಿಡೀ ತಾಲೀಮು ನಡೆಸಿ, ಮಳೆ ಹಿಂದಾದ ಮೇಲೆ ನಾಟಕಗಳೊಂದಿಗೆ ನಾಡು ಸುತ್ತುತ್ತಾರೆ. ಊರು ಬಿಟ್ಟ ನಟನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಸಂಚಾರಿ ತಂಡದ ಒಂದು ದಿನವನ್ನು ತುಸು ಹತ್ತಿರದಿಂದ ನೋಡೋಣ. ಸಂಜೆ ಕಿರೀಟ ಧರಿಸುವವನು ಬೆಳಿಗ್ಗೆ ವಾಹನದ ಹಿಂಬದಿಯಲ್ಲಿ ನಿಂತು ರಂಗದ ಮೇಲೆ ಎತ್ತರ ತಗ್ಗು ಮಾಡಲು ಬಳಸುವ ಮರದ ಲೆವೆಲ್ಲುಗಳನ್ನು ಕೆಳಗಿಳಿಸುತ್ತಿರುತ್ತಾನೆ. ಆ ದಿನದ ರಂಗ ಕಲ್ಯಾಣಮಂಟಪದ ವೇದಿಕೆಯಾಗಿರಬಹುದು, ಶಾಲೆಯ ಬಯಲಿನಲ್ಲಿ ಬೆಂಚು ಜೋಡಿಸಿ ಕಟ್ಟಿದ ಅಟ್ಟವಾಗಿರಬಹುದು. ಮೊದಲ ಕೆಲಸವೆಂದರೆ ಅದರ ಅಗಲವನ್ನು ಹೆಜ್ಜೆ ಹಾಕಿ ಅಳೆಯುವುದು. ನಿನ್ನೆಯ ಊರಿನಲ್ಲಿ ಆರು ಹೆಜ್ಜೆಗೆ ಮುಗಿಯುತ್ತಿದ್ದ ನಡೆ ಇಂದು ನಾಲ್ಕೇ ಹೆಜ್ಜೆಯಲ್ಲಿ ಮುಗಿಯಬೇಕು, ಆದರೆ ಅದರೊಡನೆ ಸಾಗುವ ಮಾತು ಒಂದಕ್ಷರವೂ ಕಡಿಮೆಯಾಗುವಂತಿಲ್ಲ. ಆಗ ನಟನು ಹೆಜ್ಜೆಯನ್ನು ಸಣ್ಣದು ಮಾಡುತ್ತಾನೆಯೋ, ನಡುವೆ ಒಮ್ಮೆ ನಿಂತು ತಿರುಗಿ ನೋಡುತ್ತಾನೆಯೋ ಎಂಬುದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕು. ಕಲ್ಯಾಣಮಂಟಪವಾದರೆ ಯಾರಾದರೊಬ್ಬರು ನಡುರಂಗದಲ್ಲಿ ನಿಂತು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುತ್ತಾರೆ. ಹೆಚ್ಚು ಉಳಿದರೆ ಅಂದು ಎಲ್ಲರ ಮಾತಿನ ವೇಗವೂ ಇಳಿಯಬೇಕು. ಬಳಿಕ ಸ್ಪಾಟ್‌ಲೈಟು ಕಟ್ಟಿ, ವಿದ್ಯುತ್ತಿನ ಲೋಡು ಪರೀಕ್ಷಿಸಿ, ಪರದೆ ಏರಿಸಿ, ಊಟ ಮಾಡಿ, ಸಾಧ್ಯವಾದರೆ ಒಂದು ಗಳಿಗೆ ಮಲಗಿ, ಆಮೇಲೆ ಬಣ್ಣಕ್ಕೆ ಕೂರುತ್ತಾರೆ.

ನಾಟಕ ಮುಗಿದ ಮೇಲಿನ ಕೆಲಸ ಇನ್ನೂ ಹೆಚ್ಚಿನ ಶಿಸ್ತನ್ನು ಬೇಡುತ್ತದೆ. ಊರಿನ ಜನ ರಂಗದ ಹಿಂದೆ ಬಂದು ಮೆಚ್ಚುಗೆಯ ಮಾತಾಡುತ್ತಿರುವಾಗಲೇ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಬಣ್ಣ ಒರೆಸಿಕೊಳ್ಳಬೇಕು. ಬೆವರಿನಿಂದ ಒದ್ದೆಯಾದ ಉಡುಪುಗಳನ್ನು ಹಾಗೆಯೇ ಟ್ರಂಕಿಗೆ ತುಂಬಿದರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಆದ್ದರಿಂದ ವಸ್ತ್ರದ ಹೊಣೆ ಹೊತ್ತವನು ತಂಡದ ಇತರರು ಊಟಕ್ಕೆ ಕೂತಾಗ ಕಿಟಕಿಯ ಸರಳುಗಳಿಗೆ ಹಗ್ಗ ಕಟ್ಟಿ ಅವನ್ನು ಹರವುತ್ತಿರುತ್ತಾನೆ. ಹಾಸಿಗೆ ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ. ಎಲ್ಲರೂ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿ ಏಳುವವರು. ಹಾಗಾಗಿ ಯಾರ ಗೊರಕೆ ಯಾರಿಗೆ ಆಗುವುದಿಲ್ಲ, ಯಾರು ಬೆಳಿಗ್ಗೆ ಚಹಾ ಕುಡಿಯದೆ ಮಾತಾಡಲಾರರು ಎಂಬುದು ಮೊದಲ ವಾರದಲ್ಲೇ ತಿಳಿದುಹೋಗುತ್ತದೆ. ಒಬ್ಬರೊಡನೊಬ್ಬರು ಮಾತು ಬಿಟ್ಟ ನಟರಿಬ್ಬರು ಅದೇ ರಾತ್ರಿ ರಂಗದ ಮೇಲೆ ಪ್ರೇಮಿಗಳಾಗಿ ನಿಲ್ಲಬೇಕಾದ ಪ್ರಸಂಗಗಳು ಯಾವ ತಂಡಕ್ಕೂ ಹೊಸದಲ್ಲ. ಇದನ್ನು ಯಾವ ನಟನಾಶಾಸ್ತ್ರವೂ ಕಲಿಸಲಾರದು.

ದಿನವೂ ಅದೇ ನಾಟಕ ಆಡುವುದರಲ್ಲಿ ಇನ್ನೊಂದು ಅಪಾಯವಿದೆ. ಮೊದಲ ಕೆಲವು ಪ್ರದರ್ಶನಗಳಲ್ಲಿ ಎದುರಿನವನ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದ ನಟ, ಬರಬರುತ್ತ ಪ್ರೇಕ್ಷಕರ ನಗುವಿಗೆ ಕಾಯತೊಡಗುತ್ತಾನೆ. ನಿನ್ನೆ ಧಾರವಾಡದಲ್ಲಿ ಎದ್ದ ನಗು ಇಂದು ಕುಂದಾಪುರದಲ್ಲಿ ಏಳದಿದ್ದರೆ ಗಾಬರಿಗೊಂಡು ದನಿ ಏರಿಸುತ್ತಾನೆ. ಊರು ಬದಲಾದಂತೆ ನಗುವ ಜಾಗವೂ ಬದಲಾಗುತ್ತದೆ, ಒಂದು ಊರು ಮೌನವಾಗಿ ನೋಡಿದ ಮಾತ್ರಕ್ಕೆ ನಾಟಕ ಬಿದ್ದುಹೋಯಿತೆಂದು ಅರ್ಥವಲ್ಲ. ಇದನ್ನು ಅರಗಿಸಿಕೊಳ್ಳಲು ಒಂದು ತಿರುಗಾಟವಾದರೂ ಬೇಕು. ಜೊತೆಗೆ ದನಿಯ ಆರೈಕೆ ಬೇಕು. ಧೂಳಿನ ದಾರಿ, ನಿದ್ದೆಗೆಟ್ಟ ರಾತ್ರಿ, ದಿನಕ್ಕೊಂದು ಊರಿನ ನೀರು ಇವೆಲ್ಲ ಗಂಟಲಿನ ಮೇಲೆ ಬಂದು ಕೂರುತ್ತವೆ. ಪದೇ ಪದೇ ಕ್ಯಾಕರಿಸುವುದರಿಂದ ಗಂಟಲು ಇನ್ನಷ್ಟು ಹದಗೆಡುತ್ತದೆ. ದನಿ ಉಳಿಸುತ್ತೇನೆಂದು ಪಿಸುಗುಟ್ಟುವುದೂ ಅದಕ್ಕೆ ಶ್ರಮವೇ. ದಿನವಿಡೀ ಆಗಾಗ ನೀರು ಕುಡಿದು, ವಾಹನದ ಗದ್ದಲದ ನಡುವೆ ಕೂಗಿ ಹರಟುವುದನ್ನು ಬಿಟ್ಟು, ಸುಮ್ಮನೆ ಕೂರಲು ಕಲಿತವನು ಮಾತ್ರ ಕೊನೆಯ ಪ್ರದರ್ಶನದವರೆಗೆ ದನಿ ಉಳಿಸಿಕೊಳ್ಳುತ್ತಾನೆ.

ತಿರುಗಾಟ ಮುಗಿದ ಮೇಲೆ ನಿಜವಾದ ಕಷ್ಟ ಆರಂಭವಾಗುತ್ತದೆ. ಒಂದೆರಡು ವರ್ಷ ತಂಡದಲ್ಲಿದ್ದವರು ಸಾಮಾನ್ಯವಾಗಿ ಬೆಂಗಳೂರಿಗೆ ಬರುತ್ತಾರೆ. ಅಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, 2004ರಿಂದ ರಂಗಶಂಕರವಿದೆ, ನಾಟಕಗಳಿಗೇನೂ ಕೊರತೆಯಿಲ್ಲ. ಆದರೆ ನಗರದ ತಂಡಗಳಲ್ಲಿ ಹೆಚ್ಚಿನವು ಹವ್ಯಾಸಿಗಳವು. ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು, ಸಂಜೆ ತಾಲೀಮಿಗೆ ಬರುವ ಆ ಕಲಾವಿದರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಕನ್ನಡ ರಂಗಭೂಮಿಯ ದೊಡ್ಡ ಭಾಗ ನಿಂತಿರುವುದೇ ಅವರಿಂದ. ಹಾಗಿದ್ದೂ, ನಾಟಕದಿಂದಲೇ ಬದುಕಬೇಕಾದವನು ನಾಟಕದಿಂದ ಬದುಕುವ ಅಗತ್ಯವೇ ಇಲ್ಲದವರ ನಡುವೆ ಸಂಭಾವನೆ ಕೇಳಬೇಕಾಗಿ ಬರುವುದು ಮುಜುಗರದ ಸಂಗತಿ, ಮತ್ತು ಆ ಮುಜುಗರದಲ್ಲೇ ಎಷ್ಟೋ ಎಳೆಯರು ಕೇಳದೆ ಸುಮ್ಮನಾಗುತ್ತಾರೆ. ಪ್ರದರ್ಶನಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡರೂ ವಾರಗಟ್ಟಲೆ ನಡೆದ ತಾಲೀಮಿನ ದಿನಗಳು ಲೆಕ್ಕಕ್ಕೆ ಬರುವುದು ಅಪರೂಪ. ಧಾರಾವಾಹಿಗಳ ಕಡೆ ಹೋದವರಿಗೆ ಹಣ ಸಿಗಬಹುದು, ಆದರೆ ಅದು ಯಾವಾಗ ಕೈಸೇರುತ್ತದೆಂಬುದು ಬೇರೆ ಮಾತು. ಪಾತ್ರ ಯಾವ ವಾರ ಕತೆಯಿಂದ ಮಾಯವಾಗುತ್ತದೆಂಬುದೂ ಅವರಿಗೆ ತಿಳಿದಿರುವುದಿಲ್ಲ.

ಹೀಗಾಗಿ ಇಂದಿನ ಎಳೆಯ ರಂಗಕರ್ಮಿಯ ವರ್ಷವನ್ನು ಹೊರುವುದು ಬಹುಮಟ್ಟಿಗೆ ಮಕ್ಕಳು. ಏಪ್ರಿಲ್, ಮೇ ತಿಂಗಳುಗಳ ಬೇಸಿಗೆ ಶಿಬಿರಗಳು, ಡಿಸೆಂಬರ್ ಮತ್ತು ಜನವರಿಯ ಶಾಲಾ ವಾರ್ಷಿಕೋತ್ಸವದ ನಾಟಕಗಳು, ನಡುನಡುವೆ ಶಾಲೆಗಳಲ್ಲಿ ರಂಗಶಿಕ್ಷಕನ ತಾತ್ಕಾಲಿಕ ಕೆಲಸ, ಇವುಗಳಿಂದಲೇ ಕೋಣೆಯ ಬಾಡಿಗೆ ಹೊಂದಿಸುವವರು ಬಹಳ. ಇದನ್ನು ಎರಡನೆಯ ದರ್ಜೆಯ ಕೆಲಸವೆಂದು ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಕದಲದೆ ಕೂರಲಾರದ ನಲವತ್ತು ಮಕ್ಕಳನ್ನು ಒಂದು ಕತೆಯೊಳಕ್ಕೆ ಕರೆತರುವವನಿಗೆ ರಂಗದ ಲಯದ ಬಗ್ಗೆ ತಿಳಿಯುವಷ್ಟು ಇನ್ನೆಲ್ಲಿಯೂ ತಿಳಿಯಲಾರದು. ಕಷ್ಟವಿರುವುದು ಜೂನ್, ಜುಲೈ ತಿಂಗಳುಗಳಲ್ಲಿ. ಶಿಬಿರದ ಹಣ ಕರಗಿರುತ್ತದೆ, ಹೊಸ ನಾಟಕಕ್ಕೆ ಕರೆ ಬಂದಿರುವುದಿಲ್ಲ, ಊರಿಗೆ ಹೋದರೆ ಅದೇ ಪ್ರಶ್ನೆ ಎದುರಾಗುತ್ತದೆ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದಾಗಿ ಎಲ್ಲ ರಂಗಮಂದಿರಗಳು ಮುಚ್ಚಿದಾಗ, ಮೇಳಗಳು ಪತ್ತನಾಜೆಗೆ ಮೊದಲೇ ಗೆಜ್ಜೆ ಬಿಚ್ಚಬೇಕಾಗಿ ಬಂದಾಗ, ಈ ಖಾಲಿ ತಿಂಗಳು ಎಷ್ಟು ಉದ್ದವಾಗಬಹುದೆಂಬುದನ್ನು ಎಲ್ಲರೂ ಕಂಡರು. ಶಿಬಿರದ ದುಡಿಮೆಯಲ್ಲಿ ಒಂದು ಪಾಲನ್ನು ಮಳೆಗಾಲಕ್ಕೆಂದು ಬೇರೆ ಇಡುವುದು, ಒಪ್ಪಿದ ಕೆಲಸದ ದಿನ ಮತ್ತು ಸಂಭಾವನೆಯನ್ನು ಒಂದು ಪುಟದಲ್ಲಾದರೂ ಬರೆಸಿಕೊಳ್ಳುವುದು, ಇಬ್ಬರು ಮೂವರು ಸಮಾನಮನಸ್ಕರೊಡನೆ ಒಂದೇ ಮನೆ ಹಿಡಿದು ಬೆಳಗಿನ ಅಭ್ಯಾಸವನ್ನು ಬಿಡದೆ ನಡೆಸುವುದು ಇವೆಲ್ಲ ನೀರಸವಾಗಿ ಕೇಳಿಸಬಹುದು. ಆದರೆ ಕಂಪನಿಯ ಅಡುಗೆಮನೆ ಮತ್ತು ಪೇಟಿ ಮಾಸ್ತರರ ಪಾಠ ಮಾಡುತ್ತಿದ್ದ ಕೆಲಸವನ್ನು ನಗರದಲ್ಲಿ ಒಂಟಿಯಾಗಿರುವವನು ಹೀಗೆಯೇ ಮಾಡಿಕೊಳ್ಳಬೇಕಾಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕಕ್ಕೆ ಇನ್ನಷ್ಟು ಸೇರುತ್ತದೆ. ಆರ್. ನಾಗರತ್ನಮ್ಮನವರು 1958ರಲ್ಲಿ ಮಹಿಳೆಯರದೇ ನಾಟಕ ಮಂಡಳಿ ಕಟ್ಟಿ, ತಾವೇ ಗಂಡುಪಾತ್ರಗಳನ್ನು ಧರಿಸಿ ಪ್ರಸಿದ್ಧರಾದರು. ಅಷ್ಟು ವರ್ಷಗಳ ಹಿಂದೆಯೇ ಹೆಣ್ಣುಮಕ್ಕಳು ತಂಡ ಕಟ್ಟಿ ಊರೂರಿಗೆ ಹೋಗಿದ್ದರೂ, ಇಂದಿಗೂ ಎಷ್ಟೋ ರಂಗಮಂಟಪಗಳ ಹಿಂದೆ ಚಿಲಕವಿರುವ ಒಂದು ಕೋಣೆ ಇರುವುದಿಲ್ಲ, ಶೌಚಾಲಯದಲ್ಲಿ ನೀರಿರುವುದಿಲ್ಲ. ತಾಲೀಮು ರಾತ್ರಿ ಮುಗಿದಾಗ ಮನೆಗೆ ಹೇಗೆ ಹೋಗುತ್ತಾಳೆಂಬುದನ್ನು ನಿರ್ದೇಶಕರು ಯೋಚಿಸಿದ್ದರೆ ಅದೊಂದು ಭಾಗ್ಯ. ಬಾಡಿಗೆ ಮನೆಯ ಮಾಲೀಕರಿಗೆ ನಾಟಕದ ಕೆಲಸವೆಂದು ಹೇಳುವುದಕ್ಕಿಂತ ಶಿಕ್ಷಕಿಯೆಂದು ಹೇಳಿದರೆ ಬೇಗ ಮನೆ ಸಿಗುತ್ತದೆಂಬುದನ್ನು ಅನೇಕರು ನಗುತ್ತಲೇ ಹೇಳುತ್ತಾರೆ. ಒಳ್ಳೆಯ ನಟಿಯರು ರಂಗ ತೊರೆದುದಕ್ಕೆ ಪ್ರತಿಭೆಯ ಕೊರತೆಯಾಗಲಿ ಮದುವೆಯಾಗಲಿ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಚಿಲಕವಿಲ್ಲದ ಬಾಗಿಲು ಕಾರಣವಾಗಿರಬಹುದೆಂದು ಕೇಳಿದವರು ಕಡಿಮೆ.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ ತಮ್ಮ ಊರಿನ ಸಂಘದ ಮೂಲಕ ತಂಡಗಳನ್ನು ಕರೆಸುವ ಸಂಘಟಕರೂ ಇರಬಹುದು. ಅವರಿಗೆ ಸನ್ಮಾನದ ಶಾಲು, ಹಾರಗಳ ಚಿಂತೆ ಇದ್ದೇ ಇರುತ್ತದೆ. ಅದಕ್ಕೂ ಮೊದಲು, ತಂಡಕ್ಕೆ ಒಪ್ಪಿಗೆ ತಿಳಿಸುವಾಗಲೇ ವೇದಿಕೆಯ ಅಗಲ, ಆಳ, ಎತ್ತರವನ್ನು ಅಡಿಗಳಲ್ಲಿ ಅಳೆದು ಬರೆದು ಕಳುಹಿಸುವುದು, ವಿದ್ಯುತ್ ಸಂಪರ್ಕ ಎಷ್ಟು ಲೋಡು ತಾಳುತ್ತದೆಂದು ಒಬ್ಬ ಎಲೆಕ್ಟ್ರಿಷಿಯನ್ನರಿಂದ ಕೇಳಿ ತಿಳಿಸುವುದು, ನಟಿಯರಿಗೆ ಚಿಲಕವಿರುವ ಕೋಣೆಯನ್ನು ಮೊದಲೇ ಬಿಡಿಸಿಡುವುದು, ನಾಟಕ ಮುಗಿದ ಮೇಲೆ ಭಾಷಣಗಳನ್ನು ಮೊಟಕುಗೊಳಿಸಿ ಬಿಸಿ ಊಟ ಬಡಿಸುವುದು, ಮತ್ತು ಒಪ್ಪಿದ ಸಂಭಾವನೆಯನ್ನು ವಾಹನ ಹೊರಡುವ ಮುನ್ನವೇ ಲಕೋಟೆಯಲ್ಲಿಟ್ಟು ಕೊಡುವುದು, ಇಷ್ಟನ್ನು ಅವರು ನಡೆಸಿಕೊಡಬೇಕೆಂದು ನನ್ನ ಕೋರಿಕೆ. ಮುಂದಿನ ವರ್ಷದ ಪ್ರದರ್ಶನಗಳ ಪಟ್ಟಿ ಮಾಡಲು ಕೂರುವಾಗ ತಂಡದ ಎಳೆಯರು ಯಾವ ಊರಿನ ಹೆಸರನ್ನು ತಾವಾಗಿಯೇ ಹೇಳುತ್ತಾರೆಂಬುದು ಈ ಸಣ್ಣ ಏರ್ಪಾಡುಗಳಿಂದಲೇ ಗೊತ್ತಾಗುತ್ತದೆ.

ನಮಸ್ಕಾರ.